ನೀನು ಹ್ಞೂಂ ಅನ್ನಲಿಲ್ಲ

ಅವತ್ತು ನಾನು ನಿನ್ನನ್ನು ಎಬ್ಬಿಸಲಿಲ್ಲ, ಶ್ವೇತಾ. ನಿಶಾಂತನನ್ನು ನೋಡ್ಕೋ ಅಂತ ಹೇಳಲೂ ಇಲ್ಲ. ನೀನು ಹ್ಞೂಂ ಅನ್ನಲೂ ಇಲ್ಲ. ನಾನು ಸುಳ್ಳು ಹೇಳಿದೆ. ಹೇಳಿ ಏಳು ವರ್ಷ ಸುಮ್ಮನಿದ್ದೆ.

ಇದನ್ನು ಮೊದಲೇ ಬರೆದುಬಿಟ್ಟಿದ್ದೇನೆ. ಮುಂದೆ ನಾನು ಏನೇನೋ ಹೇಳುತ್ತೇನೆ — ಹೇಳಲೇಬೇಕು — ಅದನ್ನು ಓದಿ ನಿನಗೆ ನನ್ನ ಮೇಲೆ ಮರುಕ ಬಂದರೆ ಮತ್ತೆ ಮೇಲಕ್ಕೆ ಬಂದು ಈ ಸಾಲುಗಳನ್ನೇ ಓದು.

ಈ ಕಾಗದವನ್ನು ನಿನ್ನ ಜೊತೆ ಬೇರೆಯವರೂ ಓದುತ್ತಾರೆ. ಅವರಿಗೆ ಯಾರು ಯಾರು ಅಂತ ಗೊತ್ತಾಗಲಿ. ನಾನು ಗಿರಿಜಾ. ಹೊಳೆನರಸೀಪುರದ ಒಂದು ಮೆಡಿಕಲ್ ಸ್ಟೋರಿನಲ್ಲಿ ಇಪ್ಪತ್ತು ವರ್ಷದಿಂದ ಔಷಧಿ ಕೊಡುವ ಕೆಲಸ ಮಾಡುತ್ತಿದ್ದೇನೆ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಥೆಯೇನೂ ಇಲ್ಲ — ಅಪ್ಪ ಹೋದರು, ತಮ್ಮ ಮಹೇಶ ಇನ್ನೂ ಓದುತ್ತಿದ್ದ, ವರ್ಷಗಳು ಕಳೆದವು. ಮಹೇಶ ಪೇಟೆಯಲ್ಲಿ ಬೀಜ, ಗೊಬ್ಬರದ ಅಂಗಡಿ ಹಾಕಿದ. ಅರಕಲಗೂಡಿನಿಂದ ನಿನ್ನನ್ನು ಮದುವೆ ಮಾಡಿಕೊಂಡು ಬಂದ. ಧನ್ಯ ಹುಟ್ಟಿದಳು, ನಾಲ್ಕು ವರ್ಷದ ಮೇಲೆ ನಿಶಾಂತ. ಅಮ್ಮ, ನೀವು ನಾಲ್ವರು, ನಾನು — ಒಂದೇ ಮನೆ.

ಆ ಮನೆಯಲ್ಲಿ ನನಗೊಂದು ಜಾಗ ಇತ್ತು. ಮದುವೆಮನೆಗೆ ಹೋದರೆ ಒಡವೆ ಇಟ್ಟ ರೂಮಿಗೆ ಬೀಗ ಹಾಕಿಕೊಂಡು ಬಾಗಿಲಲ್ಲಿ ಕೂರುವವಳು. ಶ್ರವಣಬೆಳಗೊಳಕ್ಕೆ ಹೋದರೆ ಬೆಟ್ಟದ ಕೆಳಗೆ ಚಪ್ಪಲಿ, ಬ್ಯಾಗು, ಮಕ್ಕಳನ್ನು ಇಟ್ಟುಕೊಂಡು ಕೂರುವವಳು. ಎಷ್ಟು ಸಲ ಹೋಗಿದ್ದೇವೆ ಅಲ್ಲಿಗೆ, ನಂಟರು ಬಂದಾಗಲೆಲ್ಲ. ನಾನು ಆ ಮೆಟ್ಟಿಲು ಹತ್ತಿದ್ದು ಒಂದೇ ಸಲ, ಹೈಸ್ಕೂಲಿನಲ್ಲಿದ್ದಾಗ. ಯಾರೂ ನನ್ನನ್ನು ಹಿಡಿದು ಕೂರಿಸುತ್ತಿರಲಿಲ್ಲ. "ಅಕ್ಕ ಇದಾಳಲ್ಲ" ಅನ್ನುತ್ತಿದ್ದರು. ಅಷ್ಟೇ ಸಾಕಿತ್ತು.

ಆ ಬೇಸಿಗೆ ರಜೆಯಲ್ಲಿ ಧನ್ಯ ಹಟ ಹಿಡಿದಳು. ಕ್ಲಾಸಿನ ಹುಡುಗಿಯರೆಲ್ಲ ಬೆಂಗಳೂರಿನ ಆಚೆ ಇರುವ ದೊಡ್ಡ ಅಮ್ಯೂಸ್‌ಮೆಂಟ್ ಪಾರ್ಕಿಗೆ ಹೋಗಿಬಂದಿದ್ದರು. ಮಹೇಶ ಒಪ್ಪಿದ. ಬೆಳಗ್ಗೆ ಕಾರಿನಲ್ಲಿ ಹೊರಟೆವು, ಚನ್ನರಾಯಪಟ್ಟಣದಲ್ಲಿ ಇಡ್ಲಿ ತಿಂದೆವು. ಅಮ್ಮ ಮುಂದಿನ ಸೀಟಿನಲ್ಲಿ, ನಾವಿಬ್ಬರೂ ಮಕ್ಕಳ ಜೊತೆ ಹಿಂದೆ. ನೀನು ಹಿಂದಿನ ದಿನ ಪೂರ್ತಿ ಬಟ್ಟೆ, ಟವೆಲ್ಲು, ಮಕ್ಕಳ ತಿಂಡಿ ಅಂತ ಓಡಾಡಿ ಸರಿಯಾಗಿ ಮಲಗಿರಲಿಲ್ಲ. ಹಿರೀಸಾವೆ ದಾಟುವ ಹೊತ್ತಿಗೆ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೋದೆ.

ಪಾರ್ಕಿನ ಬಾಗಿಲಲ್ಲಿ ಎಲ್ಲರ ಕೈಗೂ ಕಾಗದದ ಪಟ್ಟಿ ಸುತ್ತಿದರು. ನನ್ನ ಕೈಗೂ. ಒಳಗೆ ಕಾಲಿಟ್ಟ ತಕ್ಷಣ ಮಹೇಶ ಮೂರು ಬ್ಯಾಗು ನನ್ನ ಹೆಗಲಿಗೆ ಹಾಕಿ, "ಅಕ್ಕ, ನಿಶೂನ ನೀನು ನೋಡ್ಕೊ. ನಿಂಗೆಂಗೂ ಇವೆಲ್ಲ ಆಗಿಬರಲ್ಲ" ಅಂದ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವನು ಯೋಚನೆಯನ್ನೇ ಮಾಡಿರಲಿಲ್ಲ — ಅದೇ ನನಗೆ...

ನೀನು ಮಾತ್ರ ಯೋಚನೆ ಮಾಡಿದ್ದೆ. ಇದನ್ನೂ ಬರೆಯಲೇಬೇಕು. "ಅತ್ತಿಗೆ, ನೀವೂ ಒಂದಕ್ಕಾದ್ರೂ ಹೋಗಿಬನ್ನಿ. ನಾನು ನೋಡ್ಕೋತೀನಿ ಮಕ್ಕಳನ್ನ" ಅಂದೆ. ನಾನು ನಕ್ಕು, "ನಂಗ್ಯಾಕಮ್ಮ ಅವೆಲ್ಲ" ಅಂದೆ. ಆ ಮನೆಯಲ್ಲಿ ನನ್ನನ್ನು ಕೇಳಿದವಳು ನೀನೊಬ್ಬಳೇ. ಆಮೇಲೆ ನಾನು ಹಳ್ಳಕ್ಕೆ ತಳ್ಳಿದ್ದೂ ನಿನ್ನನ್ನೇ.

ಬೆಳಗ್ಗೆಯೆಲ್ಲ ಸರಿಯಾಗೇ ಕಳೆಯಿತು. ಎತ್ತರ ಅಳೆಯುವ ಕಂಬದ ಹತ್ತಿರ ನಿಶು ಪ್ರತಿ ಸಲವೂ ಗೆರೆಗಿಂತ ಕೆಳಗೇ ಉಳಿದು ಅಳುತ್ತಿದ್ದ. ನಾನು ಅವನನ್ನು ಪುಟ್ಟ ರೈಲಿಗೆ ಕೂರಿಸುತ್ತಿದ್ದೆ, ಮರದ ಕುದುರೆಗೆ ಕೂರಿಸುತ್ತಿದ್ದೆ. ಮಧ್ಯಾಹ್ನ ಎಲ್ಲರೂ ನೀರಿಗೆ ಇಳಿದರು. ಮೂರು ಗಂಟೆ ಸುಮಾರಿಗೆ ಮಹೇಶ ಧನ್ಯಳನ್ನು ಕರೆದುಕೊಂಡು ಜಾರುಗೊಳವೆಯ ಸಾಲಿಗೆ ಹೋದ. ಅಮ್ಮ ಆ ಕಡೆ ಹೋಟೆಲಿನ ಫ್ಯಾನಿನ ಕೆಳಗೆ ಕಾಲು ಚಾಚಿ ಕೂತಿದ್ದರು. ನೀನು ಬಟ್ಟೆ ಬದಲಾಯಿಸಿ ಬಂದು, ಒದ್ದೆ ಕೂದಲನ್ನು ಬೆನ್ನಿಗೆ ಹರವಿಕೊಂಡು ಬೆಂಚಿನ ಮೇಲೆ ಕೂತೆ. ಎರಡು ನಿಮಿಷಕ್ಕೆ ಕಣ್ಣು ಮುಚ್ಚಿದೆ. ಬಾಯಿ ಸ್ವಲ್ಪ ತೆರೆದಿತ್ತು. ಗಾಢ ನಿದ್ದೆ — ನನಗೆ ಅದರಲ್ಲಿ ಅನುಮಾನವೇ ಇರಲಿಲ್ಲ, ಈಗಲೂ ಇಲ್ಲ.

ಎದುರಿಗೆ ಆ ಕಂಬ ಇತ್ತು. ಜನರನ್ನು ಸುತ್ತಲೂ ಕೂರಿಸಿ ನಿಧಾನಕ್ಕೆ ಮೇಲಕ್ಕೆ ಒಯ್ದು, ಒಂದು ಗಳಿಗೆ ನಿಲ್ಲಿಸಿ, ಕೈಬಿಟ್ಟ ಹಾಗೆ ಕೆಳಗೆ ಬಿಡುತ್ತಿತ್ತು. ಬೆಳಗ್ಗೆಯಿಂದ ಅದನ್ನೇ ನೋಡುತ್ತಿದ್ದೆ. ಯಾರಿಗೂ ಗೊತ್ತಾಗದ ಹಾಗೆ ನೋಡುತ್ತಿದ್ದೆ. ಆಗ ಅಲ್ಲಿ ನಿಂತಿದ್ದ ಸಮವಸ್ತ್ರದವನು ಸಾಲಿನ ಕಡೆ ತಿರುಗಿ, "ಒಂದೇ ಸೀಟಿದೆ. ಒಬ್ರೇ ಇರೋರು ಯಾರಾದ್ರೂ ಬನ್ನಿ" ಅಂದ.

ಒಬ್ಬರೇ ಇರುವವರು. ಸಾಲಿನಲ್ಲಿದ್ದವರೆಲ್ಲ ಜೋಡಿ, ಗುಂಪು, ಸಂಸಾರ. ಯಾರೂ ಕದಲಲಿಲ್ಲ. ನನ್ನ ಇಡೀ ಆಯುಸ್ಸಿನಲ್ಲಿ ಆ ಮಾತನ್ನು ಯಾರೂ ಹಾಗೆ ಕರೆಯುವ ದನಿಯಲ್ಲಿ ಹೇಳಿರಲಿಲ್ಲ.

ನಿಶುವನ್ನು ನಿನ್ನ ಪಕ್ಕ ಕೂರಿಸಿದೆ. ಕೈಗೆ ಪಾಪ್‌ಕಾರ್ನ್ ಕೊಟ್ಟೆ. "ಅಮ್ಮನ ಹತ್ರ ಕೂತಿರು, ಬಂದ್ಬಿಟ್ಟೆ" ಅಂದೆ. ನಿನ್ನ ಭುಜದವರೆಗೆ ಕೈ ಚಾಚಿದೆ ಕೂಡ. ಎಬ್ಬಿಸಿದ್ದರೆ ನೀನು ಖಂಡಿತ "ಹೋಗ್ಬನ್ನಿ ಅತ್ತಿಗೆ" ಅನ್ನುತ್ತಿದ್ದೆ. ಸಂತೋಷಪಡುತ್ತಿದ್ದೆ. ಆದರೆ ನನಗೆ ಯಾರೂ ಕಳಿಸಿಕೊಡುವುದು ಬೇಡವಾಗಿತ್ತು. ಇಳಿದು ಬಂದ ಮೇಲೆ ಹೇಗಿತ್ತು ಅಂತ ಯಾರಾದರೂ ಕೇಳಿ, ಮನೆಯವರೆಲ್ಲ ನಕ್ಕು, ಅದೊಂದು ತಮಾಷೆಯ ಮಾತಾಗುವುದು — ಬೇಡವಾಗಿತ್ತು. ಕೈ ಹಿಂದಕ್ಕೆ ತಗೊಂಡೆ. ಬ್ಯಾಗುಗಳನ್ನು ಬೆಂಚಿನ ಕೆಳಗೆ ತಳ್ಳಿ ಹೋದೆ.

ಮೇಲಿನಿಂದ ಆ ಬೆಂಚು ಕಾಣುತ್ತಿತ್ತು, ಶ್ವೇತಾ. ನಾನು ನೋಡಲಿಲ್ಲ. ದೂರದ ಗುಡ್ಡ ನೋಡಿದೆ, ರಸ್ತೆಯ ಮೇಲೆ ಬಸ್ಸು ಹೋಗುವುದನ್ನು ನೋಡಿದೆ, ಸೀರೆಯ ಸೆರಗು ಬೆಲ್ಟಿನ ಕೆಳಗೆ ಪಟಪಟ ಅನ್ನುತ್ತಿತ್ತು. ಕೆಳಗೆ ಬಿಟ್ಟಾಗ ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದು ಅಂತ ನನಗೇ ಗೊತ್ತಿರಲಿಲ್ಲ. ಇಳಿದೆ, ನಗು ತಡೆಯಲಾಗುತ್ತಿರಲಿಲ್ಲ. ಆ ಹೊತ್ತಿಗೆ ಸಾಲು ಕರಗಿತ್ತು. ಅವನು, "ಮೇಡಂ, ಇನ್ನೊಂದ್ಸಲ ಹೋಗ್ತೀರಾ?" ಅಂದ.

ಹೋದೆ.

ಮೊದಲ ಸಲವನ್ನು ಆಸೆ ಅನ್ನಬಹುದು. ಎರಡನೇ ಸಲ ನಿಶು ಬೆಂಚಿನ ಮೇಲೆ ಕೂತಿದ್ದಾನೋ ಇಲ್ಲವೋ ಅಂತ ತಲೆಯಲ್ಲಿ ಬಂತು. ಬಂದರೂ ಹೋದೆ. ಅದಕ್ಕೆ ನಾನು ಯಾವ ಹೆಸರೂ ಕೊಡುವುದಿಲ್ಲ.

ವಾಪಸ್ಸು ಬಂದಾಗ ಬೆಂಚಿನ ಮೇಲೆ ನೀನೊಬ್ಬಳೇ ಇದ್ದೆ. ಪಾಪ್‌ಕಾರ್ನ್ ಪೊಟ್ಟಣ ನೆಲದಲ್ಲಿತ್ತು. ಸುತ್ತ ನಾಲ್ಕು ಕಡೆ ಓಡಿದೆ, ಕುದುರೆಗಳ ಹತ್ತಿರ, ರೈಲಿನ ಹತ್ತಿರ. ಆಮೇಲೆ ನಿನ್ನನ್ನು ಎಬ್ಬಿಸಿದೆ. ನೀನು ಕಣ್ಣು ಬಿಟ್ಟ ಕೂಡಲೇ ಕೇಳಿದ್ದು, "ನಿಶು ಎಲ್ಲಿ?"

ಅಲೆ ಏಳುವ ಕೊಳದ ಕಡೆಗೆ ನೀನು ಬರಿಗಾಲಿನಲ್ಲಿ ಓಡಿದ್ದು ನನಗೆ ಇವತ್ತೂ ಕಣ್ಣಿಗೆ ಕಟ್ಟಿದ ಹಾಗಿದೆ. ಉಟ್ಟ ಬಟ್ಟೆಯಲ್ಲೇ ನೀರಿಗಿಳಿದು, ಜನರ ಕಾಲುಗಳ ನಡುವೆ ಕೈಯಾಡಿಸಿ ಹುಡುಕುತ್ತಿದ್ದೆ. ಧ್ವನಿವರ್ಧಕದಲ್ಲಿ ಅವನ ಹೆಸರು, ಅಂಗಿಯ ಬಣ್ಣ ಹೇಳುತ್ತಿದ್ದರು. ಮುಕ್ಕಾಲು ಗಂಟೆ. ಮಹೇಶ ನೀರು ಸುರಿಸಿಕೊಂಡು ಓಡಿಬಂದ. "ಯಾರ್ ಹತ್ರ ಇದ್ದ?" ಅಂದ. ನನ್ನ ಕಡೆ ನೋಡಿಯೇ ಕೇಳಿದ.

ನಾನು ಹೇಳಿದ್ದು ಇದು: "ಶ್ವೇತಂಗೆ ಹೇಳಿ ಬಾತ್‌ರೂಮಿಗೆ ಹೋದೆ ಕಣೋ. ಹ್ಞೂಂ ಅಂದ್ಲು."

ಯೋಚಿಸಿ ಹೇಳಿದ್ದಲ್ಲ ಅಂತ ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. 'ಹ್ಞೂಂ ಅಂದ್ಲು' ಅನ್ನುವುದನ್ನು ಸೇರಿಸಿದಾಗ ನನಗೆ ಗೊತ್ತಿತ್ತು — ನಿದ್ದೆಯಲ್ಲಿದ್ದವಳು ಇದನ್ನು ಅಲ್ಲಗಳೆಯಲಾರಳು.

ನೀನು ನನ್ನ ಮುಖ ನೋಡಿದೆ. "ಅಂದ್ನಾ ಅತ್ತಿಗೆ?"

"ಅಂದೆ."

"ನಿದ್ದೆಗಣ್ಣಲ್ಲಿ ಅಂದಿರ್ಬೇಕು," ಅಂದೆ ನೀನು. ನನ್ನ ಸುಳ್ಳಿಗೆ ಸಾಕ್ಷಿಯನ್ನು ನೀನೇ ಹುಡುಕಿಕೊಟ್ಟೆ.

ನಿಶು ಪ್ರಥಮ ಚಿಕಿತ್ಸೆಯ ಕೋಣೆಯಲ್ಲಿ ಸಿಕ್ಕ. ಒದ್ದೆ ಮೆಟ್ಟಿಲ ಮೇಲೆ ಬಿದ್ದು ಗಲ್ಲ ಸೀಳಿತ್ತು, ಯಾರೋ ಹೆಂಗಸು ಎತ್ತಿಕೊಂಡು ಹೋಗಿ ಬಿಟ್ಟಿದ್ದರು. ಮೂರು ಹೊಲಿಗೆ. ವಾಪಸ್ಸು ಬರುವಾಗ ಅಮ್ಮ ದಾರಿಯುದ್ದಕ್ಕೂ ಮಾತಾಡಿದರು. "ಎತ್ತೋಳಿಗೇ ನಿಗಾ ಇಲ್ದಿದ್ರೆ ಅವ್ಳು ತಾನೇ ಏನ್ ಮಾಡ್ತಾಳೆ. ಬಾತ್‌ರೂಮಿಗೂ ಓಗಬಾರ್ದಾ?" ಅವಳು ಅಂದರೆ ನಾನು. ನೀನು ಮಗುವನ್ನು ಎದೆಗೆ ಅವುಚಿಕೊಂಡು ಕೂತಿದ್ದೆ.

ಅಲ್ಲಿಗೇ ಮುಗಿದಿದ್ದರೆ — ಎಲ್ಲ ಮನೆಗಳಲ್ಲೂ ಇಂಥದ್ದೊಂದು ಇರುತ್ತದೆ, ನಾಲ್ಕು ದಿನಕ್ಕೆ ಆರುತ್ತದೆ ಅಂದುಕೊಂಡಿದ್ದೆ. ಆರಲಿಲ್ಲ. ಆ ಜೂನ್ ತಿಂಗಳಿಗೆ ನೀನು ನಮ್ಮೂರಿನ ಒಂದು ನರ್ಸರಿ ಶಾಲೆಯಲ್ಲಿ ಟೀಚರಾಗಿ ಸೇರುವವಳಿದ್ದೆ. ಟ್ರೈನಿಂಗ್ ಮುಗಿಸಿದ್ದೆ, ಬಣ್ಣದ ಕಾಗದದಲ್ಲಿ ಅಕ್ಷರ ಕತ್ತರಿಸಿ ಡಬ್ಬಿಯಲ್ಲಿ ಇಟ್ಟಿದ್ದೆ. ಮೇ ಕೊನೆಗೆ ನೀನೇ ಬೇಡ ಅಂದೆ. "ಬೇರೆಯವ್ರ ಮಕ್ಕಳು ಕಣ್ರೀ. ನನ್ನನ್ನ ನಂಬಿ ಬಿಟ್ಟೋಗ್ತಾರೆ. ನನ್ನಿಂದ ಆಗಲ್ಲ" ಅಂತ ಮಹೇಶನಿಗೆ ಹೇಳಿದ್ದು ನಾನು ಅಡುಗೆಮನೆಯಿಂದ ಕೇಳಿಸಿಕೊಂಡೆ. ಅನ್ನಕ್ಕಿಟ್ಟಿದ್ದ ಕುಕ್ಕರಿನ ಮುಂದೆ ನಿಂತೇ ಇದ್ದೆ. ಹೊರಗೆ ಬರಲಿಲ್ಲ.

ಆಮೇಲೆ ನೀನು ಎಣಿಸತೊಡಗಿದೆ. ಆಟೋದಿಂದ ಇಳಿದರೆ ಮಕ್ಕಳನ್ನು ಎಣಿಸುವುದು — ಇಬ್ಬರೇ ಮಕ್ಕಳು, ಎರಡೆರಡು ಸಲ. ಗ್ಯಾಸ್ ಆರಿಸಿ ಹೊರಟು, ಬೀದಿಯ ತಿರುವಿನಿಂದ ವಾಪಸ್ಸು ಬಂದು ನೋಡುವುದು. ಯಾರಾದರೂ ಏನಾದರೂ ಹೇಳಿದರೆ, "ನಾನು ಹ್ಞೂಂ ಅಂದ್ನಾ?" ಅಂತ ಕೇಳುವುದು. ಆ ಮಾತು ನಿನ್ನ ಬಾಯಲ್ಲಿ ಬಂದಾಗಲೆಲ್ಲ ನಾನು ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದೆ.

ಅರಕಲಗೂಡಿನಲ್ಲಿ ನಿನ್ನ ತಮ್ಮನ ಗೃಹಪ್ರವೇಶ. ನಿನ್ನ ತಾಯಿ ನನ್ನನ್ನು ಒಳಗೆ ಕರೆದು ಕೈ ಹಿಡಿದುಕೊಂಡರು. "ನಮ್ಮುಡುಗಿಗೆ ಗ್ಯಾನ ಕಮ್ಮಿ ಕಣವ್ವ. ನೀವಿರೋದ್ಕೆ ಆ ಮಕ್ಳು ಸುಖವಾಗವೆ" ಅಂದರು. ಅವರ ಕೈಯಿಂದ ಕಾಫಿ ತಗೊಂಡೆ. ಪೂರ್ತಿ ಕುಡಿದೆ.

ಇನ್ನೊಂದು ಇದೆ. ಅದನ್ನು ಬರೆಯಲು ಎರಡು ದಿನದಿಂದ ಪೆನ್ನು ಎತ್ತಿ ಇಡುತ್ತಿದ್ದೇನೆ.

ಮೂರು ವರ್ಷದ ಹಿಂದೆ ಮಹೇಶ ನಿನ್ನನ್ನು ಹಾಸನದ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದ. ಮರೆವು, ಗಾಬರಿ, ನಿದ್ದೆ ಬರುವುದಿಲ್ಲ ಅಂತ. ಮಾರನೇ ದಿನ ನೀನು ಚೀಟಿ ಹಿಡಿದು ನನ್ನ ಕೌಂಟರಿಗೇ ಬಂದೆ. "ಅತ್ತಿಗೆ, ಬೇರೆ ಅಂಗಡಿಗೆ ಹೋದ್ರೆ ಊರಿಗೆಲ್ಲ ಗೊತ್ತಾಗುತ್ತೆ. ನೀವಾದ್ರೆ ಯಾರಿಗೂ ಹೇಳಲ್ಲ" ಅಂದೆ. ಚೀಟಿ ಓದಿದೆ. ಅಂಥ ಚೀಟಿ ದಿನಕ್ಕೆ ಹತ್ತು ಓದುತ್ತೇನೆ. ಮಾತ್ರೆ ಎಣಿಸಿ, ಕವರಿಗೆ ಹಾಕಿ, ಬೆಳಗ್ಗೆ ಒಂದು ಮಲಗುವಾಗ ಒಂದು ಅಂತ ಬರೆದೆ. ನೀನು ಕವರನ್ನು ವಾಪಸ್ಸು ಕೊಟ್ಟೆ. "ಇನ್ನೂ ದಪ್ಪಕ್ಷರದಲ್ಲಿ ಬರೀರಿ. ನಾನು ಮರೀತೀನಿ."

ದಪ್ಪಕ್ಷರದಲ್ಲಿ ಬರೆದೆ.

ಕೌಂಟರಿನ ಮುಂದೆ ಬೇರೆ ಯಾರೂ ಇರಲಿಲ್ಲ. ಹಗಲು ಹನ್ನೊಂದು ಗಂಟೆ. ಹೇಳಲು ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ, ಯಾಕೆಂದರೆ — ಯಾಕೆಂದರೆ ಅಷ್ಟು ಹೊತ್ತಿಗೆ ನಾನು ದೇವರಂಥವಳಾಗಿಬಿಟ್ಟಿದ್ದೆ. ಗಿರಿಜ ಇಲ್ಲದಿದ್ದರೆ ಈ ಮನೆ ನಡೆಯುತ್ತಿರಲಿಲ್ಲ ಅಂತ ನಂಟರೆಲ್ಲ ಅನ್ನುತ್ತಿದ್ದರು. ಆ ಮಾತನ್ನು ಬಿಟ್ಟುಕೊಡಲು ನನಗೆ ಇಷ್ಟವಿರಲಿಲ್ಲ. ನನಗೆ ಬೇರೆ ಏನು ಕೊಟ್ಟಿದ್ದಿರಿ?

ಈ ಪ್ರಶ್ನೆಯನ್ನು ಹೊಡೆದುಹಾಕೋಣ ಅನ್ನಿಸಿತು. ಹೊಡೆಯುವುದಿಲ್ಲ, ಇರಲಿ. ಆದರೆ ಇದು ಮಹೇಶನಿಗೆ, ಅಮ್ಮನಿಗೆ ಕೇಳಬೇಕಾದ ಪ್ರಶ್ನೆ. ಅದರ ಬೆಲೆಯನ್ನು ನಿನ್ನ ತಲೆಗೆ ಕಟ್ಟಿದೆ.

ಹೋದ ಭಾನುವಾರ ಊಟಕ್ಕೆ ಎಲ್ಲರೂ ಕೂತಿದ್ದೆವು. ಮುದ್ದೆ, ಅವರೆಕಾಳಿನ ಸಾರು. ನಿಶುಗೆ ಈಗ ಹನ್ನೊಂದು. ಅದೇ ಪಾರ್ಕಿಗೆ ಹೋಗೋಣ, ಈಗ ನಾನು ಗೆರೆ ದಾಟಿದ್ದೇನೆ ಅಂತ ಶುರುಮಾಡಿದ. ಮಹೇಶ ಆಗಲಿ ಅಂದ. ನೀನು ಸಾರು ಬಡಿಸುತ್ತಲೇ ಹೇಳಿದೆ: "ನೀವೆಲ್ಲ ಹೋಗ್ಬನ್ನಿ. ನಾನು ಬಂದ್ರೆ ಮತ್ತೆ ಏನಾದ್ರೂ ಎಡವಟ್ಟು ಮಾಡ್ತೀನಿ. ಅತ್ತಿಗೆ ಇರ್ತಾರಲ್ಲ, ನಂಗೆ ಧೈರ್ಯ."

ಧನ್ಯ ತಟ್ಟೆಯಿಂದ ತಲೆಯೆತ್ತಿ ನಿನ್ನನ್ನು ನೋಡಿದಳು. ಹದಿನೈದು ವರ್ಷದ ಹುಡುಗಿ. ಆ ನೋಟದಲ್ಲಿ ಕೋಪ ಇರಲಿಲ್ಲ, ಅಯ್ಯೋ ಪಾಪ ಅನ್ನುವುದಿತ್ತು. ತಾಯಿಯನ್ನು ಮಗಳು ಹಾಗೆ ನೋಡುವುದನ್ನು ಕಂಡೆ. ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿ, ಎಲ್ಲರೆದುರಿಗೂ ಹೇಳಿದೆ. ಬಾತ್‌ರೂಮಿಗೆ ಹೋಗಿರಲಿಲ್ಲ, ಆ ಕಂಬ ಹತ್ತಿದ್ದೆ, ಎರಡು ಸಲ ಹತ್ತಿದ್ದೆ, ಶ್ವೇತಳನ್ನು ಎಬ್ಬಿಸಿರಲಿಲ್ಲ, ಅವಳು ಹ್ಞೂಂ ಅಂದಿರಲಿಲ್ಲ.

ಅಮ್ಮ, "ಓಗ್ಲಿ ಬುಡೇ, ಈಗ್ಯಾಕೆ ಅದೆಲ್ಲ. ಮಗೀಗೇನೂ ಆಗ್ಲಿಲ್ವಲ್ಲ" ಅಂದರು. ಮಹೇಶ ನನ್ನನ್ನು ಗುರುತಿಲ್ಲದವರನ್ನು ನೋಡುವ ಹಾಗೆ ನೋಡಿ, "ಆ ಕಂಬ ಹತ್ತಿದ್ಯಾ? ನೀನು?" ಅಂದ. ಏಳು ವರ್ಷದ ಸುಳ್ಳಿಗಿಂತ ಅವನಿಗೆ ಅದೇ ನಂಬಲಾಗಲಿಲ್ಲ. ನಾನು, "ಹೌದು, ನಾನೇ. ಯಾಕಾಗಬಾರದು?" ಅಂದೆ. ದನಿ ಏರಿತ್ತು. ಏರಿದ್ದಕ್ಕೆ ಈಗಲೂ ಸಂಕೋಚವಿಲ್ಲ.

ನೀನು ಸೌಟನ್ನು ಪಾತ್ರೆಯಲ್ಲಿಟ್ಟೆ. "ನಿಜವಾಗ್ಲೂ ಎಬ್ಬಿಸ್ಲಿಲ್ವಾ?" ಅಂದೆ. ಇಲ್ಲ ಅಂದೆ. ನೀನು ಮತ್ತೆ ಕೇಳಿದೆ, ನಾನು ಮತ್ತೆ ಇಲ್ಲ ಅಂದೆ. ಮೂರನೇ ಸಲ ಕೇಳಲಿಲ್ಲ. ಗೋಡೆಗೆ ಒರಗಿ ನೆಲದ ಮೇಲೆ ಕೂತು, "ಹಂಗಾದ್ರೆ ನಂಗೇನೂ ಆಗಿರ್ಲಿಲ್ಲ" ಅಂದೆ. ಯಾರಿಗೂ ಹೇಳಿದ್ದಲ್ಲ ಅದು. ಆಮೇಲೆ ನನ್ನ ಕಡೆ ತಿರುಗಿ, "ಬರ್ದು ಕೊಡಿ ಅತ್ತಿಗೆ. ನಾಳೆ ನಂಗೇ ಮತ್ತೆ ಅನುಮಾನ ಬರುತ್ತೆ, ನೀವು ಹೀಗಂದ್ರೋ ಇಲ್ವೋ ಅಂತ. ಸೈನ್ ಹಾಕಿ ಬರ್ದು ಕೊಡಿ" ಅಂದೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವತ್ತಿನಿಂದ ನೀನು ನನ್ನ ಜೊತೆ ಮಾತಾಡಿಲ್ಲ. ಮಾತಾಡು ಅಂತ ಕೇಳುವುದಿಲ್ಲ.

ಮಹೇಶ ನಿನ್ನೆ ಅಂಗಡಿಗೆ ಬಂದಿದ್ದ. "ಆ ಕಂಬ ಹತ್ತಿದ್ದು ತಪ್ಪಾಯ್ತು ಅಂತ ಒಂದು ಮಾತು ಹಾಕಕ್ಕ, ಅವ್ಳಿಗೂ ಸಮಾಧಾನ ಆಗುತ್ತೆ" ಅಂದ. ಹಾಕುವುದಿಲ್ಲ. ನಾಲ್ಕು ವರ್ಷದ ಮಗುವನ್ನು ನಿದ್ದೆ ಹೋದವಳ ಪಕ್ಕ ಬಿಟ್ಟುಹೋದದ್ದು ತಪ್ಪು. ಎರಡನೇ ಸಲ ಹೋದದ್ದು ತಪ್ಪು. ಆ ಸುಳ್ಳು, ಆಮೇಲಿನ ಒಂದೊಂದು ದಿನ, ಆ ಕಾಫಿ, ಆ ಕವರು — ತಪ್ಪು, ಅದಕ್ಕೆ ಕ್ಷಮೆ ಕೇಳುವ ಮುಖವೂ ನನಗಿಲ್ಲ. ಆದರೆ ಮೂವತ್ತೊಂಬತ್ತು ವರ್ಷದ ಹೆಂಗಸು ಒಬ್ಬಳೇ ಅಷ್ಟೆತ್ತರಕ್ಕೆ ಹೋಗಿ ಗಂಟಲು ಬಿಚ್ಚಿ ಕೂಗಿದ್ದಕ್ಕೆ ತಪ್ಪಾಯ್ತು ಅನ್ನಲಾರೆ. ಅಂದರೆ ಈ ಕಾಗದದಲ್ಲಿ ಇನ್ನೊಂದು ಸುಳ್ಳು ಸೇರುತ್ತದೆ. ನಿನಗೆ ಇನ್ನು ಮೇಲೆ ಸುಳ್ಳು ಹೇಳುವುದಿಲ್ಲ, ನಿನ್ನ ಸಮಾಧಾನಕ್ಕೂ ಹೇಳುವುದಿಲ್ಲ.

ಮೂರು ಪ್ರತಿ ಬರೆದಿದ್ದೇನೆ, ಮೂರಕ್ಕೂ ಸೈನ್ ಹಾಕಿದ್ದೇನೆ. ಒಂದು ನಿನಗೆ. ಒಂದು ಅಮ್ಮನಿಗೆ, ಧನ್ಯ ಜೋರಾಗಿ ಓದಿ ಹೇಳಲಿ. ಒಂದು ಸಾಲನ್ನೂ ಬಿಡುವುದು ಬೇಡ. ಮೂರನೆಯದು ಹಾಸನದ ಡಾಕ್ಟರಿಗೆ. ಈ ಕಾಯಿಲೆ ಎಲ್ಲಿಂದ ಶುರುವಾಯಿತು ಅಂತ ಅವರು ನಿನ್ನನ್ನು ಕೇಳಿರಬೇಕು. ಅದಕ್ಕೆ ಉತ್ತರ ಇದರಲ್ಲಿದೆ. ಬಾ ಅಂದರೆ ನಾನೂ ಬಂದು ಅವರೆದುರು ಬಾಯಿಬಿಟ್ಟು ಹೇಳುತ್ತೇನೆ. ಬೇಡ ಅಂದರೆ ಬರುವುದಿಲ್ಲ. ನಿನ್ನ ತಾಯಿಯನ್ನು ಕಂಡು ಹೇಳಲು ಗುರುವಾರ ಅರಕಲಗೂಡಿಗೆ ಹೋಗುತ್ತಿದ್ದೇನೆ. ಅದಕ್ಕೆ ನಿನ್ನ ಅಪ್ಪಣೆ ಕಾಯುವುದಿಲ್ಲ.

ಕೊನೆಗೆ ಒಂದು. ಔಷಧಿ ಕೊಡುವವಳ ಮಾತು ಅಂತ ಇದನ್ನು ಕೇಳು, ನನ್ನ ಮೇಲೆ ಎಷ್ಟೇ ಸಿಟ್ಟಿದ್ದರೂ. ಇದನ್ನು ಓದಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬೇಡ. ಮೂರು ವರ್ಷದಿಂದ ತಗೊಂಡಿದ್ದೀಯ. ಒಮ್ಮೆಗೇ ಬಿಟ್ಟರೆ ಮೈಗೆ ತಡೆಯುವುದಿಲ್ಲ. ಡಾಕ್ಟರನ್ನು ಕೇಳಿ ನಿಧಾನಕ್ಕೆ ಇಳಿಸಬೇಕು. ಅವರು ಹೇಳುವವರೆಗೂ ಬೆಳಗ್ಗೆ ಒಂದು, ಮಲಗುವಾಗ ಒಂದು. ನಾನು ನಿಜ ಹೇಳಿದ್ದರಿಂದ ಅದು ಇಷ್ಟು ಬೇಗ ಬದಲಾಗುವುದಿಲ್ಲ.